ಹೊಟ್ಟೆಯೊಳಗಿನ ಬೂಷ್ಟು: ಮುಂಬೈ ಕನ್ನಡಿಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ (ರೋಗಾಣು ಪರೀಕ್ಷೆಯ) ಲ್ಯಾಬ್‌ನಲ್ಲಿ ನಾನು ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಫಂಗಸ್ ಬೆಂಚಿನಲ್ಲೇ, ಅಂದರೆ ಬೂಷ್ಟು ಪರೀಕ್ಷಿಸುವ ಮೇಜಿನಲ್ಲೇ ಕಳೆಯಿತು. ಈಗ ನಿವೃತ್ತಿಯಾಗಿದೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದವರು, ಉಡುಪಿಯಿಂದ ಮತ್ಸ್ಯಗಂಧದಲ್ಲಿ ಬಂದವರು, ಡೊಂಬಿವಲಿ, ಮುಲುಂಡ್, ವಾಶಿಯ ನಮ್ಮವರು ಫೈಲ್ ಹಿಡಿದುಕೊಂಡು ಬಂದು ಕೇಳುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಶುರು ಮಾಡುವುದು, ಬದಲಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅವರ ಮುಂದೆ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ ಎಂದು ಈ ಬರಹ.

ಹೊಟ್ಟೆಯೊಳಗೂ ಫಂಗಸ್ ಆಗುತ್ತಾ? ಚರ್ಮಕ್ಕೆ ಮಾತ್ರ ಅಂದುಕೊಂಡಿದ್ದೆವು.

ಆಗುತ್ತದೆ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಆಗಬಹುದು. ಆದರೆ ಗಟ್ಟಿಮುಟ್ಟಾಗಿರುವವರಿಗೆ ತುಂಬಾ ಅಪರೂಪ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಕಿಡ್ನಿ ಕಸಿ ಆದವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಬಹಳ ದಿನ ಸ್ಟಿರಾಯ್ಡ್ ನುಂಗಿದವರು, ಎಚ್‌ಐವಿ ಇರುವವರು, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಇದಕ್ಕೆ ಬೇಗ ಸಿಗುತ್ತಾರೆ. ಇದಕ್ಕೆ ಹೊರತಾದ ಒಂದು ಫಂಗಸ್ ಇದೆ. ಅದು ಆರೋಗ್ಯವಾಗಿರುವ ಮಕ್ಕಳನ್ನೂ ಹಿಡಿಯುತ್ತದೆ. ಅದರ ವಿಷಯ ಕೆಳಗೆ ಬರುತ್ತದೆ.

ಮಲದ ರಿಪೋರ್ಟಿನಲ್ಲಿ 'ಯೀಸ್ಟ್ ಸೆಲ್ಸ್' ಎಂದು ಬಂದಿದೆ. ಔಷಧಿ ಬೇಕಾ?

ಬಹುತೇಕ ಬೇಡ. ಯೀಸ್ಟ್ ಎಂದರೆ ಒಂದು ಬಗೆಯ ಫಂಗಸ್. ಕ್ಯಾಂಡಿಡಾ ಎಂಬ ಯೀಸ್ಟ್ ನಮ್ಮಲ್ಲಿ ಬಹಳ ಜನರ ಕರುಳಿನಲ್ಲಿ ಸುಮ್ನೆ ಇರುತ್ತದೆ. ಮಲದಲ್ಲಿ ಕಂಡರೆ ಅದು ಅಲ್ಲಿ ವಾಸವಾಗಿದೆ ಎಂದಷ್ಟೇ ಅರ್ಥ. ರೋಗವಾಗಿದೆ ಎಂದಲ್ಲ. ಗ್ಯಾಸ್, ಸುಸ್ತು, ತಲೆನೋವು ಎಲ್ಲಕ್ಕೂ ಕ್ಯಾಂಡಿಡಾವೇ ಕಾರಣ, ಅದಕ್ಕೊಂದು ವಿಶೇಷ ಡಯಟ್ ಇದೆ ಎಂದು ಮೊಬೈಲ್‌ನಲ್ಲಿ ಹೇಳುವವರನ್ನು ನಂಬಬೇಡಿ. ಆ ಡಯಟ್ ಹಿಡಿದು ಎಂಟು ಕೆಜಿ ಇಳಿದ ಹೆಣ್ಣುಮಗಳನ್ನು ನೋಡಿದ್ದೇನೆ. ಆಕೆಗೆ ಇದ್ದದ್ದು ಥೈರಾಯ್ಡ್ ತೊಂದರೆ.

ನುಂಗುವಾಗ ಎದೆಯೊಳಗೆ ನೋವು. ಎಂಡೋಸ್ಕೋಪಿಯಲ್ಲಿ ಬಿಳಿ ಪದರ ಕಂಡಿತು ಎನ್ನುತ್ತಾರೆ. ಹೆದರಬೇಕಾ?

ಇದು ಅನ್ನನಾಳದ ಕ್ಯಾಂಡಿಡಾ. ಈ ಗುಂಪಿನಲ್ಲಿ ಜಾಸ್ತಿ ಕಾಣುವುದೂ ಇದೇ, ಬೇಗ ಗುಣವಾಗುವುದೂ ಇದೇ. ಮೊಸರಿನ ಕೆನೆ ಅಂಟಿಸಿದ ಹಾಗೆ ಬಿಳಿ ತೇಪೆಗಳು ಕಾಣುತ್ತವೆ. ಸಾಮಾನ್ಯವಾಗಿ ಫ್ಲೂಕೊನಜೋಲ್ ಎಂಬ ಫಂಗಸ್ ಮಾತ್ರೆಯನ್ನು 14ರಿಂದ 21 ದಿನ ಕೊಡುತ್ತಾರೆ. ಒಂದು ವಾರದೊಳಗೆ ನೋವು ಇಳಿಯಬೇಕು. ಇಳಿಯದಿದ್ದರೆ ಮತ್ತೆ ನೋಡಿಸಿ. ವೈರಸ್ ಹುಣ್ಣೂ ಜೊತೆಗಿರಬಹುದು.

ಎರಡು ಎಚ್ಚರಿಕೆ. ಫ್ಲೂಕೊನಜೋಲ್ ಜೊತೆ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ಸೇರಿದರೆ ಸಕ್ಕರೆ ಏಕಾಏಕಿ ಕುಸಿಯಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ಇದ್ದರೆ ರಕ್ತಸ್ರಾವವಾಗಬಹುದು. ಆದ್ದರಿಂದ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ. ಇನ್ನೊಂದು, ಆಸ್ತಮಾಕ್ಕೆ ಸ್ಟಿರಾಯ್ಡ್ ಪಂಪ್ ಎಳೆಯುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಯಾಕೆ ಕ್ಯಾಂಡಿಡಾ ಬಂತು ಎಂದೂ ಕೇಳಿ. ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಅನುಮಾನವಲ್ಲ, ಒಳ್ಳೆಯ ಡಾಕ್ಟರ ಕ್ರಮ.

ಹಾಗಾದರೆ ನಿಜಕ್ಕೂ ಅಪರೂಪದವು ಯಾವುವು?

ಮೂರನ್ನು ಹೇಳುತ್ತೇನೆ. ಮೂರೂ ಒಂದರಂತೆ ಒಂದಿಲ್ಲ.

ಮೊದಲನೆಯದು ಮ್ಯೂಕರ್. 2021ರಲ್ಲಿ ಎಲ್ಲರೂ 'ಬ್ಲ್ಯಾಕ್ ಫಂಗಸ್' ಎಂದು ಕೇಳಿದಿರಲ್ಲ, ಅದೇ. ಮೂಗು, ಕಣ್ಣಿಗೆ ಬಂದದ್ದು ಸುದ್ದಿಯಾಯಿತು. ಹೊಟ್ಟೆಗೂ ಅದು ಬರುತ್ತದೆ, ಅದರಲ್ಲೂ ಜಠರಕ್ಕೆ ಜಾಸ್ತಿ. ಆಮೇಲೆ ದೊಡ್ಡ ಕರುಳು. ಈ ಫಂಗಸ್ ರಕ್ತನಾಳದೊಳಗೆ ನುಗ್ಗಿ ಬೆಳೆಯುತ್ತದೆ. ರಕ್ತ ನಿಂತು ಆ ಭಾಗ ಸಾಯುತ್ತದೆ. ಎಂಡೋಸ್ಕೋಪಿಯಲ್ಲಿ ಕರಿ ತಳದ ಹುಣ್ಣು ಕಾಣುವುದು ಅದಕ್ಕೇ. ಹೊಟ್ಟೆನೋವು, ರಕ್ತವಾಂತಿ, ಕಪ್ಪು ಮಲ, ಕೊನೆಗೆ ಕರುಳು ತೂತಾಗುವುದು, ಇವೆಲ್ಲ ಕೆಲವೇ ದಿನಗಳಲ್ಲಿ ಆಗಬಹುದು. ಇಲ್ಲಿ ಗಂಟೆ ಲೆಕ್ಕ, ವಾರದ ಲೆಕ್ಕವಲ್ಲ. ಐಸಿಯುನಲ್ಲಿರುವ ಸಕ್ಕರೆ ರೋಗಿಗೆ ಮೂಗಿನ ನಳಿಕೆಯಿಂದ ಕಪ್ಪು ದ್ರವ ಬರುತ್ತಿದ್ದರೆ, ಅದು ಬರೀ ಗ್ಯಾಸ್ಟ್ರಿಕ್ ಹುಣ್ಣೇ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಎರಡನೆಯದು ಹಿಸ್ಟೋಪ್ಲಾಸ್ಮಾ. ಹಕ್ಕಿ, ಬಾವಲಿಗಳ ಹಿಕ್ಕೆ ಸೇರಿದ ಮಣ್ಣಿನಲ್ಲಿ ಇರುತ್ತದೆ. ಉಸಿರಿನಲ್ಲಿ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಇಡೀ ಮೈಗೆ ಹರಡುತ್ತದೆ. ನಮ್ಮ ದೇಶದಲ್ಲಿ ಗಂಗೆಯ ಬಯಲಿನ ಕಡೆ, ಅದರಲ್ಲೂ ಬಂಗಾಳದಲ್ಲಿ ಜಾಸ್ತಿ ಕಾಣುತ್ತದೆ. ಬೇರೆ ಕಡೆಯೂ ಸಿಗುತ್ತದೆ. ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ ಹುಣ್ಣು, ನಾಲಿಗೆಯ ಮೇಲೆ ವಾಸಿಯಾಗದ ಹುಣ್ಣು, ಜ್ವರ, ತೂಕ ಇಳಿಯುವುದು, ಸ್ಕ್ಯಾನ್‌ನಲ್ಲಿ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಎರಡೂ ಕಡೆ ಊದಿರುವುದು. ನಿಧಾನದ ರೋಗ ಇದು.

ಮೂರನೆಯದರ ಹೆಸರು ಉದ್ದ: ಬೇಸಿಡಿಯೋಬೋಲಸ್. ಕಪ್ಪೆ, ಹಲ್ಲಿಯಂಥ ಪ್ರಾಣಿಗಳ ಕರುಳಿನಲ್ಲಿ, ಕೊಳೆತ ಎಲೆಗಳಲ್ಲಿ ಇರುತ್ತದೆ. 1886ರಲ್ಲೇ ಇದನ್ನು ಕಪ್ಪೆಯಿಂದ ಗುರುತಿಸಿದ್ದರು. ರೋಗನಿರೋಧಕ ಶಕ್ತಿ ಚೆನ್ನಾಗಿರುವವರಿಗೂ, ಮಕ್ಕಳಿಗೂ ಬರುವುದು ಇದೇ. ಸೌದಿಯ ನೈರುತ್ಯ ಭಾಗ, ಇರಾನ್, ಅಮೆರಿಕದ ಅರಿಝೋನಾ ಕಡೆ ಹೆಚ್ಚು ವರದಿಯಾಗಿದೆ. ಭಾರತದಲ್ಲೂ ಆಗುತ್ತದೆ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಗಲ್ಫ್‌ನಲ್ಲಿದ್ದು ಮುಂಬೈಗೆ ಬಂದು ತೋರಿಸುತ್ತವೆ, ಅಲ್ವಾ? ಅಲ್ಲಿ ಎಲ್ಲಿ ವಾಸವಿದ್ದಿರಿ ಎನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ, ಜ್ವರ, ಜೊತೆಗೆ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿರಕ್ತಕಣ ತುಂಬಾ ಜಾಸ್ತಿ, ಇದು ಅದರ ಗುರುತು. ಕ್ಯಾನ್ಸರ್ ಎಂದುಕೊಂಡು ಕರುಳು ಕತ್ತರಿಸಿದ ಮೇಲೆ ಫಂಗಸ್ ಎಂದು ಗೊತ್ತಾದ ಪ್ರಕರಣಗಳು ಎಷ್ಟೋ ಇವೆ.

ಟಿಬಿ ಎಂದು ಔಷಧಿ ಶುರು ಮಾಡಿದ್ದಾರೆ. ಫಂಗಸ್ ಇರಬಹುದು ಎಂದು ಹೇಗೆ ಗೊತ್ತಾಗಬೇಕು?

ಈ ಪ್ರಶ್ನೆ ನನ್ನ ಮನೆಯದೂ ಹೌದು. ನಮ್ಮ ಚಿಕ್ಕಪ್ಪನಿಗೆ ಡೊಂಬಿವಲಿಯಲ್ಲಿ ಸಣ್ಣ ಕ್ಯಾಂಟೀನ್ ಇತ್ತು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಜ್ವರ, ಹೊಟ್ಟೆನೋವು ಎಂದು ಕೊಲೊನೋಸ್ಕೋಪಿ ಮಾಡಿಸಿದರು. ಕರುಳಿನಲ್ಲಿ ಹುಣ್ಣು ಇತ್ತು. ಬಯಾಪ್ಸಿಯಲ್ಲಿ, ಅಂದರೆ ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ, 'ಗ್ರಾನುಲೋಮಾ' (ರೋಗನಿರೋಧಕ ಕಣಗಳು ಸೇರಿ ಕಟ್ಟಿದ ಸಣ್ಣ ಗಂಟು) ಎಂದು ಬಂತು. ನಮ್ಮ ದೇಶದಲ್ಲಿ ಆ ಪದ ಕಂಡರೆ ಟಿಬಿ ಎಂದೇ ಮನಸ್ಸಿಗೆ ಬರುತ್ತದೆ. ತಪ್ಪೇನಲ್ಲ, ಹತ್ತರಲ್ಲಿ ಹೆಚ್ಚಿನ ಸಲ ಅದು ಟಿಬಿಯೇ ಆಗಿರುತ್ತದೆ. ಐದು ತಿಂಗಳು ಔಷಧಿ ನುಂಗಿದರು. ತೂಕ ಇಳಿಯುತ್ತಲೇ ಹೋಯಿತು. ನಾನು ಅದೇ ಊರಿನಲ್ಲಿ ಫಂಗಸ್ ನೋಡುವ ಕೆಲಸದಲ್ಲಿದ್ದೆ. ನನಗೂ ಹೊಳೆಯಲಿಲ್ಲ. ಕೊನೆಗೆ ನಾಲಿಗೆ ಮೇಲೆ ಹುಣ್ಣು ಎದ್ದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಅಲ್ಲಿಂದ ಚೂರು ತೆಗೆದು ಕಳಿಸಿದರು. ಹಿಸ್ಟೋಪ್ಲಾಸ್ಮಾ.

ಆದ್ದರಿಂದ ಇಷ್ಟು ನೆನಪಿಡಿ. ಟಿಬಿ ಔಷಧಿ ಎರಡು ತಿಂಗಳು ಸರಿಯಾಗಿ ತೆಗೆದುಕೊಂಡರೂ ಜ್ವರ, ತೂಕ, ಹೊಟ್ಟೆನೋವು ಸುಧಾರಿಸದಿದ್ದರೆ ಮತ್ತೆ ನೋಡಿ ಎಂದು ಕೇಳಿ. ಜೀನ್‌ಎಕ್ಸ್‌ಪರ್ಟ್‌ನಲ್ಲಿ, ಕಲ್ಚರ್‌ನಲ್ಲಿ (ಮೊದಲನೆಯದು ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ, ಎರಡನೆಯದು ಲ್ಯಾಬ್‌ನಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದು) ಟಿಬಿ ಸಿಕ್ಕಿತ್ತೇ ಅಥವಾ ಅಂದಾಜಿನ ಮೇಲೆ ಶುರುವಾದದ್ದೇ ಎಂದು ತಿಳಿದುಕೊಳ್ಳಿ. ಆದರೆ ನೀವಾಗಿಯೇ ಟಿಬಿ ಮಾತ್ರೆ ನಿಲ್ಲಿಸಬೇಡಿ. ಕ್ರೋನ್ಸ್ (ಕರುಳು ಊದಿ ಹುಣ್ಣಾಗುವ) ಕಾಯಿಲೆ ಎಂದು ಸ್ಟಿರಾಯ್ಡ್ ಕೊಡುವ ಮೊದಲೂ ಇದೇ ಮಾತು. ಒಳಗೆ ಫಂಗಸ್ ಇದ್ದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗೆ.

ಬಯಾಪ್ಸಿಗೆ ಹೋಗುವಾಗ ನಾವು ಏನು ಕೇಳಬೇಕು?

ಇಡೀ ಬರಹದಲ್ಲಿ ಒಂದೇ ಒಂದನ್ನು ಓದುವುದಾದರೆ ಇದನ್ನು ಓದಿ. ಎರಡು ಬಾಟಲಿ.

ಎಂಡೋಸ್ಕೋಪಿಯಲ್ಲಿ ತೆಗೆಯುವ ಚೂರು ಸಾಸಿವೆ ಕಾಳಿನಷ್ಟು, ಹೆಚ್ಚೆಂದರೆ ಅಕ್ಕಿಕಾಳಿನಷ್ಟು. ಅದನ್ನು ಫಾರ್ಮಲಿನ್‌ಗೆ (ಚೂರು ಕೆಡದಂತೆ ಇಡುವ ರಾಸಾಯನಿಕ) ಹಾಕಿ ಪೆಥಾಲಜಿಗೆ, ಅಂದರೆ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ವಿಭಾಗಕ್ಕೆ, ಕಳಿಸುತ್ತಾರೆ. ಅದು ಸರಿ, ಅದು ಬೇಕೇ ಬೇಕು. ಆದರೆ ಫಾರ್ಮಲಿನ್ ಫಂಗಸ್ಸನ್ನು ಕೊಂದುಬಿಡುತ್ತದೆ. ಸತ್ತ ಫಂಗಸ್ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ. ಯಾವ ಜಾತಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಇನ್ನೆರಡು ಚೂರನ್ನು ಸ್ವಚ್ಛವಾದ ಸಲೈನ್‌ನಲ್ಲಿ ಹಾಕಿ ಮೈಕ್ರೋಬಯಾಲಜಿಗೆ ಕಳಿಸಬೇಕು. ಅದೂ ಅದೇ ದಿನ, ಬೇಗ. ಮೂವತ್ತು ವರ್ಷದಲ್ಲಿ ನನ್ನ ಬೆಂಚಿಗೆ ಫಾರ್ಮಲಿನ್ ವಾಸನೆಯ ಬಾಟಲಿ ಎಷ್ಟು ಸಲ ಬಂದಿದೆಯೋ! 'ಫಂಗಲ್ ಕಲ್ಚರ್ ಪ್ಲೀಸ್' ಎಂದು ಚೀಟಿ ಅಂಟಿಸಿರುತ್ತಿತ್ತು. ವಾಪಸ್ ಕಳಿಸುವಾಗ ಪ್ರತಿ ಸಲ ಹೊಟ್ಟೆ ಉರಿಯುತ್ತಿತ್ತು. ಆ ರೋಗಿ ಮತ್ತೆ ಉಪವಾಸ ಕೂತು, ಮತ್ತೆ ನಳಿಕೆ ನುಂಗಬೇಕಲ್ಲ.

ಮರಾಠಿಯಲ್ಲಿ ಕೇಳಬೇಕಾದರೆ ಹೀಗೆ ಕೇಳಿ: 'ದೋನ್ ತುಕಡೇ ಕಲ್ಚರ್‌ಸಾಠೀ ಸಲೈನ್‌ಮಧ್ಯೇ ಪಾಠವಾಲ ಕಾ?' ಫಂಗಸ್‌ಗೆ ಮರಾಠಿಯಲ್ಲಿ 'ಬುರ್ಶಿ' ಎನ್ನುತ್ತಾರೆ. ನುಂಗಲು ಕಷ್ಟ ಎನ್ನಲು 'ಗಿಳಾಯ್ಲಾ ತ್ರಾಸ', ಹೊಟ್ಟೆಯಲ್ಲಿ ಗಡ್ಡೆ ಎನ್ನಲು 'ಪೋಟಾತ್ ಗಾಠ್'. ಊರಿಂದ ಬಂದ ಹಿರಿಯರಿಗೆ ಇಷ್ಟು ಬರೆದುಕೊಟ್ಟರೆ ಒಪಿಡಿಯಲ್ಲಿ ಅರ್ಧ ಕೆಲಸ ಆದ ಹಾಗೆ.

ಗಡ್ಡೆ ಕರುಳಿನ ಗೋಡೆಯ ಆಳದಲ್ಲಿದ್ದರೆ ಮೇಲುಮೇಲಿನ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು. ಬೇಸಿಡಿಯೋಬೋಲಸ್‌ನಲ್ಲಿ ಹೀಗೇ ಆಗುತ್ತದೆ. ಆಗ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಆಳದ ಚೂರು ತೆಗೆಯಬೇಕಾಗುತ್ತದೆ.

ರಿಪೋರ್ಟ್ ಬರಲು ಎಷ್ಟು ದಿನ? ರಕ್ತ ಪರೀಕ್ಷೆ ಸಾಲದೇ?

ಚೂರಿನ ಮೇಲೆ ಕೆಓಎಚ್ ದ್ರಾವಣ, ಹೊಳೆಯುವ ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದೇ ದಿನ ಉತ್ತರ ಸಿಗಬಹುದು. ಮ್ಯೂಕರ್ ಎಳೆಗಳು ಅಗಲ, ರಿಬ್ಬನ್ ಹಾಗೆ, ಮಧ್ಯೆ ಅಡ್ಡಗೋಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆಯುತ್ತವೆ. ಅಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ಸಿನ ಎಳೆ ಸಪೂರ, ಅಡ್ಡಗೋಡೆ ಇರುತ್ತದೆ. ಈ ವ್ಯತ್ಯಾಸದ ಮೇಲೆ ಔಷಧಿಯೇ ಬೇರೆಯಾಗುತ್ತದೆ. ಅಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ.

ಕಲ್ಚರ್‌ನಲ್ಲಿ ಮ್ಯೂಕರ್ ಎರಡು ಮೂರು ದಿನಕ್ಕೇ ಹತ್ತಿಯ ಹಾಗೆ ಉಕ್ಕಿ ಬರುತ್ತದೆ. ಮ್ಯೂಕರ್ ಅನುಮಾನವಿರುವ ಬಯಾಪ್ಸಿ ಚೂರನ್ನು ಲ್ಯಾಬ್‌ನಲ್ಲಿ ಅರೆಯಬಾರದು, ಸಣ್ಣಗೆ ಕತ್ತರಿಸಬೇಕು. ಅರೆದರೆ ಎಳೆ ಒಡೆದು ಸಾಯುತ್ತದೆ. ಹಿಸ್ಟೋಪ್ಲಾಸ್ಮಾಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಕೆಲವು ಲ್ಯಾಬ್‌ಗಳಲ್ಲಿ ಮೂತ್ರದಲ್ಲಿ ಅದರ ಆಂಟಿಜೆನ್ (ಫಂಗಸ್ಸಿನ ಅಂಶ) ನೋಡುತ್ತಾರೆ, ಅದು ಬೇಗ ಆಗುತ್ತದೆ.

ರಕ್ತದ ಬೀಟಾ ಡಿ ಗ್ಲುಕಾನ್, ಗ್ಯಾಲಕ್ಟೋಮ್ಯಾನನ್ ಪರೀಕ್ಷೆಗಳು ಫಂಗಸ್ಸಿನ ಗೋಡೆಯ ಅಂಶ ಹುಡುಕುವಂಥವು, ದುಬಾರಿ. ಅವು ನೆಗೆಟಿವ್ ಬಂದರೆ ಮ್ಯೂಕರ್ ಇಲ್ಲ ಎಂದು ನೆಮ್ಮದಿಪಡಬೇಡಿ. ಮ್ಯೂಕರ್ ಆ ಪರೀಕ್ಷೆಗಳಲ್ಲಿ ಸಿಕ್ಕಿಬೀಳುವುದೇ ಇಲ್ಲ.

ಆಂಫೋಟೆರಿಸಿನ್ ಎಂದರೆ ಎಲ್ಲರೂ ಹೆದರುತ್ತಾರೆ. ಯಾಕೆ?

ಮ್ಯೂಕರ್‌ಗೆ, ಜೋರಾದ ಹಿಸ್ಟೋಪ್ಲಾಸ್ಮಾಕ್ಕೆ ಮೊದಲು ಕೊಡುವುದು ಇದನ್ನೇ. ಇದು ರಕ್ತನಾಳಕ್ಕೆ ಹಾಕುವ ಫಂಗಸ್ ಔಷಧಿ. ಹಳೆಯ ಬಗೆಯದು ಕಿಡ್ನಿಗೆ ಜಾಸ್ತಿ ಪೆಟ್ಟು ಕೊಡುತ್ತಿತ್ತು. ಲೈಪೋಸೋಮಲ್ ಎನ್ನುವುದು ಕೊಬ್ಬಿನ ಹೊದಿಕೆಯೊಳಗೆ ಇಟ್ಟದ್ದು, ಅದರಿಂದ ಪೆಟ್ಟು ಕಡಿಮೆ. ಚಳಿ, ನಡುಕ, ಜ್ವರ ಬರಬಹುದು. ಮುಂಚೆಯೇ ಔಷಧಿ ಕೊಟ್ಟು ತಡೆಯುತ್ತಾರೆ. ದಿನ ಬಿಟ್ಟು ದಿನವಾದರೂ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಮ್, ಮೆಗ್ನೀಸಿಯಮ್ ನೋಡಲೇಬೇಕು. ಪೊಟ್ಯಾಸಿಯಮ್ ಇಳಿಯುತ್ತದೆ ಎಂದು ಕೇಳಿ ಆಸ್ಪತ್ರೆ ಗೇಟಿನಲ್ಲಿ ಎಳನೀರು ತಂದು ತಂದು ಕುಡಿಸುವವರಿದ್ದಾರೆ. ಪ್ರೀತಿಯಿಂದ ಮಾಡುವುದೇ. ಆದರೆ ಕಿಡ್ನಿ ಸೋತಿದ್ದರೆ ಅದೇ ಪೊಟ್ಯಾಸಿಯಮ್ ಏರಿ ಹೃದಯಕ್ಕೆ ಅಪಾಯ. ಕೇಳಿಯೇ ಕುಡಿಸಿ.

ಖರ್ಚಿನ ಲೆಕ್ಕ ಹೀಗೆ. ಮ್ಯೂಕರ್‌ಗೆ ಸಾಮಾನ್ಯವಾಗಿ ಲೈಪೋಸೋಮಲ್ ಬಗೆಯದು ದಿನಕ್ಕೆ ಕೆಜಿ ತೂಕಕ್ಕೆ 5 ಮಿಲಿಗ್ರಾಂ. 60 ಕೆಜಿ ಇದ್ದವರಿಗೆ ದಿನಕ್ಕೆ 300 ಮಿಲಿಗ್ರಾಂ. ಒಂದು ವಯಲ್ (ಔಷಧಿಯ ಸಣ್ಣ ಬಾಟಲಿ) 50 ಮಿಲಿಗ್ರಾಂ, ಅಂದರೆ ದಿನಕ್ಕೆ ಆರು ವಯಲ್. ಅದು ಎಷ್ಟೋ ವಾರ. 2021ರ ಮೇ ತಿಂಗಳಲ್ಲಿ ಈ ವಯಲ್‌ಗಾಗಿ ಜನ ಮೆಡಿಕಲ್ ಶಾಪ್‌ನಿಂದ ಮೆಡಿಕಲ್ ಶಾಪ್‌ಗೆ ಓಡಿದ್ದು ಯಾಕೆಂದು ಈಗ ಅರ್ಥವಾಗುತ್ತದೆ.

ಆಪರೇಷನ್ ಬೇಡ ಎಂದು ಅಪ್ಪ ಹಟ ಹಿಡಿದಿದ್ದಾರೆ. ಬರೀ ಔಷಧಿ ಸಾಕಾಗುತ್ತಾ?

ಮ್ಯೂಕರ್‌ನಲ್ಲಿ ಸತ್ತ ಭಾಗಕ್ಕೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಔಷಧಿಯೂ ಹೋಗುವುದಿಲ್ಲ. ಅದಕ್ಕೇ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು ಎನ್ನುವುದು. ಅಪ್ಪನಿಗೆ ಇದನ್ನು ಹೀಗೆಯೇ ಹೇಳಿ, ಅರ್ಥವಾಗುತ್ತದೆ. ಆಪರೇಷನ್ ಮಾಡಿದರೂ ಉಳಿಯದವರಿದ್ದಾರೆ, ಅದನ್ನು ಮುಚ್ಚಿಡಬಾರದು. ಕಾಯುವುದರಿಂದ ಮಾತ್ರ ಅಪಾಯ ಏರುತ್ತಲೇ ಹೋಗುತ್ತದೆ. ಬೇಸಿಡಿಯೋಬೋಲಸ್‌ನಲ್ಲಿ ಕೆಲವರಿಗೆ ಬರೀ ಮಾತ್ರೆಯಿಂದಲೇ ಗುಣವಾಗಿದೆ. ಹಿಸ್ಟೋಪ್ಲಾಸ್ಮಾಕ್ಕೆ ಕರುಳು ಕಟ್ಟಿಕೊಂಡರೆ, ತೂತಾದರೆ ಮಾತ್ರ ಆಪರೇಷನ್.

ಮಾತ್ರೆ ಎಷ್ಟು ತಿಂಗಳು? ತೆಗೆದುಕೊಳ್ಳುವ ಕ್ರಮ ಏನು?

ಮೈಗೆಲ್ಲ ಹರಡಿದ ಹಿಸ್ಟೋಪ್ಲಾಸ್ಮಾಕ್ಕೆ ಆಂಫೋ ಒಂದೆರಡು ವಾರ, ಆಮೇಲೆ ಇಟ್ರಾಕೊನಜೋಲ್ ಕನಿಷ್ಠ 12 ತಿಂಗಳು. ಬೇಸಿಡಿಯೋಬೋಲಸ್‌ಗೂ ತಿಂಗಳುಗಟ್ಟಲೆ ಇಟ್ರಾಕೊನಜೋಲ್ ಅಥವಾ ವೊರಿಕೊನಜೋಲ್. ಮ್ಯೂಕರ್‌ಗೆ ಆಂಫೋ ನಂತರ ಪೋಸಕೊನಜೋಲ್ ಇಲ್ಲವೇ ಐಸಾವುಕೊನಜೋಲ್.

ಇಟ್ರಾಕೊನಜೋಲ್‌ನ ಮಾಮೂಲಿ ಕ್ಯಾಪ್ಸೂಲನ್ನು ಹೊಟ್ಟೆ ತುಂಬಾ ಊಟ ಮಾಡಿದ ಕೂಡಲೇ ತೆಗೆದುಕೊಳ್ಳಬೇಕು. ಅದಕ್ಕೆ ಹೊಟ್ಟೆಯ ಆಮ್ಲ ಬೇಕು. ಬೆಳಿಗ್ಗೆ ಎದ್ದು ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸ ಮುಂಬೈಯಲ್ಲಿ ಯಾರಿಗಿಲ್ಲ ಹೇಳಿ! ಅದು ಆಮ್ಲ ತಗ್ಗಿಸುತ್ತದೆ, ಕ್ಯಾಪ್ಸೂಲ್ ಮೈಗೆ ಹತ್ತುವುದಿಲ್ಲ. ಇದೇ ಔಷಧಿಯ ದ್ರವರೂಪವನ್ನಾದರೆ ಖಾಲಿ ಹೊಟ್ಟೆಗೆ ಕುಡಿಯಬೇಕು. ಟಿಬಿಯ ರಿಫಾಂಪಿಸಿನ್ ಇಟ್ರಾಕೊನಜೋಲನ್ನು ಲಿವರ್‌ನಲ್ಲೇ ಮುಗಿಸಿಬಿಡುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಫಂಗಸ್ ಔಷಧಿ ನುಂಗಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಎರಡು ವಾರದ ಮೇಲೆ ರಕ್ತದಲ್ಲಿ ಔಷಧಿಯ ಮಟ್ಟ ಎಷ್ಟಿದೆ ಎಂದು ನೋಡಿಸಬಹುದು, ಕೇಳಿ. ಕಾಲು ಊದಿದರೆ, ಮೇಲುಸಿರು ಬಂದರೆ ತಡ ಮಾಡಬೇಡಿ. ಹೃದಯ ದುರ್ಬಲ ಇರುವವರಿಗೆ ಈ ಔಷಧಿ ಒಗ್ಗುವುದಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಅದನ್ನೂ ಹೇಳಿ.

ವೊರಿಕೊನಜೋಲ್ ಇದಕ್ಕೆ ತದ್ವಿರುದ್ಧ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ. ಕಣ್ಣಿಗೆ ಮಿಂಚಿದ ಹಾಗೆ ಕಾಣಬಹುದು, ಬಿಸಿಲಿಗೆ ಚರ್ಮ ಸುಡಬಹುದು. ಕೊಡೆ ಹಿಡಿದೇ ಸ್ಟೇಷನ್‌ಗೆ ನಡೆಯಿರಿ.

ಸಕ್ಕರೆಗೂ ಫಂಗಸ್‌ಗೂ ಏನು ಸಂಬಂಧ?

ಸಕ್ಕರೆ ತೀರಾ ಏರಿ ರಕ್ತ ಆಮ್ಲವಾದಾಗ, ರಕ್ತದಲ್ಲಿ ಕಟ್ಟಿಹಾಕಿದ್ದ ಕಬ್ಬಿಣ ಬಿಡುಗಡೆಯಾಗುತ್ತದೆ. ಮ್ಯೂಕರ್‌ಗೆ ಕಬ್ಬಿಣ ಎಂದರೆ ಊಟ. ಜೊತೆಗೆ ಫಂಗಸ್ಸನ್ನು ತಿನ್ನುವ ಬಿಳಿರಕ್ತಕಣಗಳು ಮಂಕಾಗಿರುತ್ತವೆ. ಆದ್ದರಿಂದ ಇನ್ಸುಲಿನ್ ಇಲ್ಲಿ ಅರ್ಧ ಚಿಕಿತ್ಸೆ.

ಇಡ್ಲಿ, ದೋಸೆ ಬಿಡಬೇಕಾ? ಮಳೆಗಾಲದಲ್ಲಿ ಬ್ರೆಡ್ ಮೇಲೆ ಬರುವ ಬೂಷ್ಟು? ಕಿಟಕಿಯ ಪಾರಿವಾಳ?

ಇಡ್ಲಿ, ದೋಸೆ ಬಿಡಬೇಡಿ. ಹುದುಗಿದ ಹಿಟ್ಟು ಬೆಂದಿರುತ್ತದೆ, ಹೊಟ್ಟೆಗೆ ಹಗುರ, ರೋಗಿಗೆ ರುಚಿ. ಬೂಷ್ಟು ಬಂದ ಬ್ರೆಡ್ಡನ್ನು ಮಾತ್ರ ಆ ತುಂಡು ಕಿತ್ತು ಉಳಿದದ್ದು ತಿನ್ನುವುದು ಬೇಡ. ಪೂರ್ತಿ ಎಸೆಯಿರಿ. ಜಠರದ ಮ್ಯೂಕರ್ ಬಾಯಿಯ ಮೂಲಕವೇ ಒಳಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಸ್ಪೇನ್‌ನ ಐಸಿಯುನಲ್ಲಿ ಔಷಧಿ ಕಲಸಲು ಬಳಸಿದ ಮರದ ಕಡ್ಡಿಗಳಿಂದಲೇ ಅದು ರೋಗಿಗಳ ಹೊಟ್ಟೆ ಸೇರಿದ್ದು ದಾಖಲಾಗಿದೆ. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶದ ತೊಂದರೆ, ಕ್ರಿಪ್ಟೋಕಾಕಸ್ ಎಂಬ ಬೇರೆ ಫಂಗಸ್ ಬರಬಹುದು. ರೋಗಿ ಇರುವ ಮನೆಯಲ್ಲಿ ಒಣ ಹಿಕ್ಕೆ ಗುಡಿಸಬೇಡಿ, ನೀರು ಹಾಕಿ ಒದ್ದೆ ಮಾಡಿ ತೆಗೆಯಿರಿ.

ಭೇದಿಗೆ ಕೊಡುವ ಕೆಲವು ಪ್ರೋಬಯಾಟಿಕ್ ಪುಡಿಗಳಲ್ಲಿ ಬುಲಾರ್ಡಿ ಎಂಬ ಜೀವಂತ ಯೀಸ್ಟ್ ಇರುತ್ತದೆ. ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿರುವ, ಶಕ್ತಿ ಕುಂದಿದ ರೋಗಿಗೆ ಅದು ರಕ್ತಕ್ಕೇ ಸೇರಬಹುದು. ಮನೆಯಿಂದ ತಂದು ಕೊಡಬೇಡಿ.

ಒಬ್ಬರಿಂದ ಒಬ್ಬರಿಗೆ ಅಂಟುತ್ತಾ ಎಂದರೆ, ನಾನು ಹೇಳಿದ ಈ ಮೂರೂ ಅಂಟುವುದಿಲ್ಲ. ತಟ್ಟೆ, ಲೋಟ ಬೇರೆ ಇಡಬೇಡಿ. ಅದು ರೋಗಿಯ ಮನಸ್ಸಿಗೆ ನೋವು.

ಮುಂಬೈಯಲ್ಲಿ ಎಲ್ಲಿಗೆ ಹೋಗಬೇಕು?

ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್, ಇವು ಪಾಲಿಕೆಯವು. ಭಾಯ್ಖಳಾದ ಜೆಜೆ ಸರ್ಕಾರದ್ದು. ನಾಲ್ಕೂ ಮೆಡಿಕಲ್ ಕಾಲೇಜಿಗೆ ಸೇರಿದವು. ಕೇಸ್ ಪೇಪರ್ ಮಾಡಿಸಿ ಗ್ಯಾಸ್ಟ್ರೋ ವಿಭಾಗಕ್ಕೆ ಹೋಗಿ. ಹಳೆಯ ಸ್ಲೈಡ್, ಸ್ಕ್ಯಾನ್, ಔಷಧಿ ಚೀಟಿ ಎಲ್ಲ ಜೊತೆಗಿರಲಿ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯ ಕೌಂಟರ್‌ನಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಕರ್ನಾಟಕದಿಂದ ಬಂದವರು ಆಯುಷ್ಮಾನ್ ಕಾರ್ಡ್ ತನ್ನಿ, ಈ ಚಿಕಿತ್ಸೆಗೆ ಅಲ್ಲಿ ನಡೆಯುತ್ತದೆಯೇ ಎಂದು ಭರ್ತಿಯಾಗುವ ಮೊದಲೇ ವಿಚಾರಿಸಿ. ಎರಡೂ ಆಗದಿದ್ದರೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಟ್ರಸ್ಟ್‌ಗಳಿಗೆ ಅರ್ಜಿ ಬರೆಯಲು ಅವರೇ ಸಹಾಯ ಮಾಡುತ್ತಾರೆ.

ಆರು ತಿಂಗಳ ಹಿಂದೆ ಬಯಾಪ್ಸಿ ಆಗಿತ್ತು. ಅದರಿಂದ ಈಗೇನಾದರೂ ಪ್ರಯೋಜನ ಇದೆಯಾ?

ಇದೆ. ಆ ಚೂರನ್ನು ಮೇಣದ ಬ್ಲಾಕ್‌ನಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅರ್ಜಿ ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡ್ ಸಿಗುತ್ತದೆ. ಅದರಿಂದ ಹೊಸ ಪದರ ಕತ್ತರಿಸಿ ಪಿಎಎಸ್, ಸಿಲ್ವರ್ ಎಂಬ ವಿಶೇಷ ಬಣ್ಣ ಹಾಕಿ ನೋಡಬಹುದು. ಬೇಕಾದರೆ ಪಿಸಿಆರ್ (ಫಂಗಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆ) ಕೂಡ ಪ್ರಯತ್ನಿಸಬಹುದು.

ಚಿಕ್ಕಪ್ಪನ ನಾಲಿಗೆಯ ರಿಪೋರ್ಟ್ ಬಂದ ಮೇಲೆ ಅವರ ಮೊದಲಿನ ಕರುಳಿನ ಬ್ಲಾಕ್ ತರಿಸಿಕೊಂಡೆವು. ಪೆಥಾಲಜಿಯ ಮೇಡಂ ಸಿಲ್ವರ್ ಬಣ್ಣ ಹಾಕಿ ನನ್ನನ್ನು ಕರೆದರು. ಹಸಿರು ಹಿನ್ನೆಲೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಮೊದಲ ದಿನದಿಂದಲೂ ಅಲ್ಲೇ ಇದ್ದವು. ಆ ಬಣ್ಣ ಹಾಕಿ ನೋಡಿ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ವರ್ಷ ಇಟ್ರಾಕೊನಜೋಲ್ ತೆಗೆದುಕೊಂಡರು. ಹನ್ನೊಂದು ಕೆಜಿ ತೂಕ ಮರಳಿ ಬಂತು. ಕ್ಯಾಂಟೀನಿನ ಗಲ್ಲಾದಲ್ಲಿ ಮತ್ತೆ ಕೂತರು.